ಪಾವಗಡದ ಬಿಸಿನೀರಿನ ಲೆಕ್ಕ

ವಿಜ್ಞಾನದ ಮೇಷ್ಟ್ರು ನಗೆಪಾಟಲಾಗಲು ಬೇರೆ ಊರಿಗೆ ಹೋಗಬೇಕಾಗಿಲ್ಲ. ನೀರು ಕಾಯಿಸುವ ಪಾಠ ತೆಗೆದರೆ ಸಾಕು, ಪಾವಗಡದ ಕಡೆಯ ನಮ್ಮ ಹಳ್ಳಿ ಶಾಲೆ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಈ ಸಲ ಅದೇ ಪಾಠ ನೋಡಲು ಮಧುಗಿರಿಯಿಂದ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಬರುವವರಿದ್ದರು. ಅವರಿಗೆ ಹಿಡಿಸದಿದ್ದರೆ ನನ್ನ ಬೇಸಿಗೆ ರಜೆಯೆಲ್ಲ ತರಬೇತಿಗೆ ಅರ್ಪಣೆ. ಅದಕ್ಕಿಂತ ಕೆಂಡ ಹಾಯುವುದು ವಾಸಿ.

ಟ್ಯಾಂಕಿನ ನೀರು

ಮುಂಚೆಯೇ ಅಭ್ಯಾಸವಾಗಲಿ ಎಂದು ಬೋರ್ಡಿನ ಮೇಲೆ ಬರೆದೆ: ನೀರಿನ ದ್ರವ್ಯರಾಶಿ, ನೀರಿನ ವಿಶಿಷ್ಟ ಉಷ್ಣ, ಏರಬೇಕಾದ ಡಿಗ್ರಿ, ಮೂರನ್ನೂ ಗುಣಿಸಿದರೆ ಬೇಕಾದ ಶಾಖ.

"ಸ್ನಾನಕ್ಕೆ ಒಂದು ಬಕೆಟ್ ನೀರು. ನಲವತ್ತು ಡಿಗ್ರಿಗೆ ಕಾಯಿಸಲು ಎಷ್ಟು ಶಾಖ ಬೇಕು?"

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಏನೂ ಬ್ಯಾಡ ಸಾ. ಮಾಳಿಗೆ ಮ್ಯಾಲಿನ ಟ್ಯಾಂಕಿನ ನಲ್ಲಿ ಬುಟ್ರೆ ಕೈ ಸುಟ್ಟೋಗಂಗೆ ಬತ್ತದೆ. ತಣ್ಣಗೆ ಮಾಡೋದು ಹೆಂಗೆ, ಅದನ್ನ ಹೇಳ್ಕೊಡಿ."

ಪಠ್ಯಪುಸ್ತಕ ಬರೆದ ಪುಣ್ಯಾತ್ಮರು ನಮ್ಮ ಏಪ್ರಿಲ್ ನೋಡಿಲ್ಲ.

ಕರೆಂಟು

ಸಾಹೇಬರು ಬಂದರು. ಮೇಜಿನ ಮೇಲೆ ಕೆಟಲ್ ಇಟ್ಟು ಠೀವಿಯಿಂದ ಸ್ವಿಚ್ ಒತ್ತಿದೆ. ಕರೆಂಟಿಲ್ಲ. ಕಿಟಕಿಯಾಚೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು ಬಿಸಿಲು ಕಾಯಿಸುತ್ತ ಕೂತಿದ್ದವು.

"ಇಷ್ಟೊಂದು ಕರೆಂಟು ತಯಾರಾಗುತ್ತಲ್ಲ, ಎಲ್ಲಿಗೆ ಹೋಗುತ್ತೆ?" ಎಂದರು ಸಾಹೇಬರು.

"ನಿಮ್ಮೂರಿಗೆ ಸಾ," ಎಂದ ಹಿಂದಿನ ಬೆಂಚಿನವನು.

ಹೆಡ್‌ಮಾಸ್ಟರಿಗೆ ಕೆಮ್ಮು ಹತ್ತಿತು. ನನ್ನ ರಜೆ ಆಗಲೇ ಅರ್ಧ ಕರಗಿತ್ತು.

ಶಾಖ ಎಲ್ಲಿ ಹೋಯಿತು

ಕೊನೆಗೆ ತರಗತಿಯನ್ನೇ ಬಿಸಿಯೂಟದ ಅಡುಗೆಮನೆಗೆ ಸಾಗಿಸಿದೆ. ನೀರು ಅಳೆದು ಗ್ಯಾಸಿನ ಮೇಲಿಟ್ಟು, ಥರ್ಮಾಮೀಟರ್ ನೋಡಿಕೊಂಡು, ಗೋಡೆಯ ಮೇಲೆ ಸೂತ್ರ ಬರೆಯಲು ತಿರುಗಿದೆ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಅಡುಗೆಯ ಅಕ್ಕ ನನ್ನ ಪ್ರಯೋಗಕ್ಕೆ ಟೀಪುಡಿ, ಸಕ್ಕರೆ, ಹಾಲು ಎಲ್ಲ ಹಾಕಿ ಕುದಿಸುತ್ತಿದ್ದರು.

"ಏನಕ್ಕಾ ಇದು!"

"ಇನ್ನೇನ್ ಸಾ? ಬಂದೋರು ನಿಂತವ್ರೆ, ಒಲೆ ಮ್ಯಾಲೆ ನೀರು ಕಾದೈತೆ. ಟೀ ಕೊಡ್ದೆ ಕಳ್ಸಕ್ಕಾಯ್ತದಾ?"

ಅಯ್ಯೋ, ರಜೆ ಹೋಯಿತು ಎಂದುಕೊಂಡೆ. ಸಾಹೇಬರು ಮಾತ್ರ ಲೋಟ ಪೂರ್ತಿ ಕುಡಿದು, ಆಮೇಲೆ ಬಂದ ಕೆಲಸ ನೆನಪಾಗಿ ಗಂಭೀರವಾದರು.

"ಮಕ್ಕಳೇ, ನೀರಿಗೆ ಕೊಟ್ಟ ಶಾಖ ಈಗ ಎಲ್ಲಿ ಹೋಯಿತು?"

"ನಿಮ್ ಹೊಟ್ಟೇಗೆ ಸಾ!" ಇಡೀ ತರಗತಿ ಒಂದೇ ಕಂಠದಲ್ಲಿ ಕೂಗಿತು.

"ಸರಿಯಾದ ಉತ್ತರ," ಎಂದು ಸಾಹೇಬರು ಖಾಲಿ ಲೋಟ ಮುಂದೆ ಹಿಡಿದರು. "ಮೇಷ್ಟ್ರೇ, ನಿಮಗೆ ತರಬೇತಿ ಏನೂ ಬೇಡ. ಪ್ರಯೋಗ ಇನ್ನೊಂದು ಸಲ ಮಾಡಿ ತೋರಿಸಿ. ಸಕ್ಕರೆ ಸ್ವಲ್ಪ ಕಮ್ಮಿ ಇರಲಿ."