ಹಂಗಾಮಿ ನಕ್ಷತ್ರ

ಸೂರ್ಯನು ಒಂದು ನಕ್ಷತ್ರವೆಂಬುದನ್ನು ಪುತ್ತೂರು ತಾಲೂಕಿನಲ್ಲಿ 1962ರ ಜೂನ್ ಹನ್ನೊಂದರಿಂದ ಅನ್ವಯವಾಗುವಂತೆ ಒಪ್ಪಿಕೊಳ್ಳಲಾಯಿತು.

ಇದಕ್ಕೆ ಕಾರಣ ಒಂದು ಹೆಂಚು. ಇಚಿಲಂಪಾಡಿ ಕಡೆಯ ಒಂದು ಶಾಲೆಯ ನಾಲ್ಕನೆಯ ತರಗತಿಯ ಕತ್ತಲೆಯಲ್ಲಿ ಬೋರ್ಡು ಕಾಣುತ್ತಿರಲಿಲ್ಲ. ಹಿಂದಿನ ಬೆಂಚಿನ ಮೈಮೂನ ಆರನ್ನು ಒಂಬತ್ತೆಂದು ಓದಿ ಎರಡು ಸಲ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಶಾಲೆ ಬಿಡಿಸುವುದಾಗಿ ಅವಳ ತಾಯಿ ಬೀಫಾತುಮ್ಮ ತಿಳಿಸಿದ್ದರು. ಆದುದರಿಂದ ಮುಖ್ಯೋಪಾಧ್ಯಾಯ ಚನಿಯಪ್ಪನವರು ಮಾಡಿಗೆ ಒಂದು ಗಾಜಿನ ಹೆಂಚು ಬೇಕೆಂದು ಅರ್ಜಿ ಹಾಕಿದರು.

ಅರ್ಜಿಯಲ್ಲಿ ‘ಬೆಳಕಿನ ಮೂಲ’ ಎಂಬಲ್ಲಿ, ‘ಸೂರ್ಯನೆಂಬ ನಕ್ಷತ್ರ’ ಎಂದು ಬರೆದರು. ‘ಮೂಲದ ಬಾಳಿಕೆ’ ಎಂಬಲ್ಲಿ, ‘ಇನ್ನು ಸುಮಾರು ಐನೂರು ಕೋಟಿ ವರ್ಷ, ಆಮೇಲೆ ಕೆಂಪಗೆ ಉಬ್ಬಿ, ಕುಗ್ಗಿ, ನಿಧಾನವಾಗಿ ಆರುವುದು’ ಎಂದು ಬರೆದರು. ಅವರು ಸುಳ್ಳು ಬರೆಯುವವರಲ್ಲ.

ತಾಲೂಕು ಕಚೇರಿಯ ಗುಮಾಸ್ತ ಗುರುವಪ್ಪನವರು ಅವರನ್ನು ಕರೆಸಿದರು.

“ಮಾಷ್ಟ್ರೇ, ಸೂರ್ಯ ಗ್ರಹ ಅಲ್ವಾ? ಮೊನ್ನೆ ಫೆಬ್ರವರಿಯ ಅಷ್ಟಗ್ರಹ ಕೂಟಕ್ಕೆ ಬಂದವರಲ್ಲಿ ಅವನೂ ಉಂಟು.”

“ಅದು ಪಂಚಾಂಗದಲ್ಲಿ. ಪಾಠದಲ್ಲಿ ಅವ ನಕ್ಷತ್ರ.”

“ಒಬ್ಬನಿಗೆ ಎರಡು ಹುದ್ದೆ ಆಗುದಿಲ್ಲ. ನಕ್ಷತ್ರದಲ್ಲಿ ಮಂಜೂರಾದದ್ದು ಇಪ್ಪತ್ತೇಳು. ಅಶ್ವಿನಿಯಿಂದ ರೇವತಿವರೆಗೆ ಒಂದೂ ಖಾಲಿ ಇಲ್ಲ.”

“ನನಗೆ ಹೆಂಚು ಒಂದು ಸಾಕು ಮಾರಾಯ್ರೆ.”

“ಹೆಂಚು ಇಲ್ಲೇ ಉಂಟು. ಈ ಐನೂರು ಕೋಟಿ ಎಂತಕ್ಕೆ ಬರೆದದ್ದು? ಶಾಶ್ವತ ಅಂತ ಬರೆದಿದ್ರೆ ವಾರದಲ್ಲಿ ಆಗ್ತಿತ್ತು.”

“ಅವ ಶಾಶ್ವತ ಅಲ್ಲವಲ್ಲ.”

“ನಾನೂ ಅಲ್ಲ. ಆದ್ರೆ ಪರ್ಮನೆಂಟ್.”

ಕೊನೆಗೆ ಆದೇಶ ಬಂತು: ‘ಸೂರ್ಯನು ಗ್ರಹದ ಹುದ್ದೆಯಲ್ಲಿ ಮುಂದುವರಿಯುತ್ತಾ, ಹಂಗಾಮಿ ನಕ್ಷತ್ರವಾಗಿಯೂ ಕೆಲಸ ನಿರ್ವಹಿಸತಕ್ಕದ್ದು. ಸದರಿ ನಕ್ಷತ್ರವು ಆರಿಲ್ಲವೆಂದು ಮುಖ್ಯೋಪಾಧ್ಯಾಯರು ಪ್ರತಿ ವರ್ಷ ಜುಲೈ ತಿಂಗಳಲ್ಲಿ ಖುದ್ದು ನೋಡಿ ದೃಢೀಕರಿಸತಕ್ಕದ್ದು. ತಪ್ಪಿದಲ್ಲಿ ಹೆಂಚನ್ನು ಹಿಂಪಡೆಯಲಾಗುವುದು.’

ಹೆಂಚು ಕೂತಿತು. ಮೈಮೂನ ಆರನ್ನು ಆರೆಂದೇ ಓದಿದಳು.

ಜುಲೈಯಲ್ಲಿ ಮಳೆ ಒಂದು ದಿನವೂ ಬಿಡಲಿಲ್ಲ. ಚನಿಯಪ್ಪನವರು ದಿನವೂ ಕೊಡೆ ಹಿಡಿದು ಅಂಗಳದಲ್ಲಿ ನಿಂತು ಮೇಲೆ ನೋಡಿದರು. ಮೂವತ್ತೊಂದರಂದು ಬೀಫಾತುಮ್ಮ ಬಂದರು.

“ಒಂದು ಸೈನು ಹಾಕಿ ಮಾಷ್ಟ್ರೇ. ಮೋಡದ ಹಿಂದೆ ಇರ್ತಾನಲ್ಲ.”

“ನೋಡದೆ ಹೇಗೆ ಹಾಕುದು?”

“ಐನೂರು ಕೋಟಿ ವರ್ಷ ನೀವು ನೋಡಿ ಬರೆದದ್ದಾ?”

ಚನಿಯಪ್ಪನವರು ಕೊಡೆ ಹಿಡಿದು ಮತ್ತೆ ಅಂಗಳಕ್ಕಿಳಿದರು. ಸೈನು ಹಾಕಲಿಲ್ಲ. ಮರುದಿನ ಕಚೇರಿಯಿಂದ ಇಬ್ಬರು ಬಂದು ಗಾಜಿನ ಹೆಂಚು ತೆಗೆದು ಮಣ್ಣಿನದನ್ನು ಇಟ್ಟು ಹೋದರು.

ಮಾರ್ಚಿನಲ್ಲಿ ಇನ್‌ಸ್ಪೆಕ್ಟರರು ಪರೀಕ್ಷೆಗೆ ಬಂದಾಗ ಹೊರಗೆ ಒಳ್ಳೆಯ ಬಿಸಿಲಿತ್ತು. ಒಳಗೆ ಅವರು ಬೆಂಚಿಗೆ ಎಡವಿ, ತಡವರಿಸಿ ಕುರ್ಚಿ ಹಿಡಿದು ಕುಳಿತರು. ಬೋರ್ಡು ಕಾಣದ್ದರಿಂದ ಬಾಯಿಪ್ರಶ್ನೆಯೇ ಸಾಕೆಂದರು. ಮೈಮೂನಳ ಸರದಿ ಬಂತು.

“ಸೂರ್ಯ ಯಾವಾಗ ಆರುತ್ತದೆ?”

“ನಮ್ಮ ಶಾಲೆಯಲ್ಲಿ ಹೋದ ಜುಲೈ ಮೂವತ್ತೊಂದಕ್ಕೆ ಆರಿದೆ, ಸಾರ್.”

ಇನ್‌ಸ್ಪೆಕ್ಟರರು ಹೆಂಚಿನ ಫೈಲನ್ನು ಬಾಗಿಲಿನ ಹತ್ತಿರ ಕೊಂಡುಹೋಗಿ ನೋಡಿದರು. ತಾರೀಕು ತಾಳೆಯಾಯಿತು. ಅವಳನ್ನು ಪಾಸು ಮಾಡಿದರು.