ಆರಡಿಯ ಸಮಾನತೆ

ಬ್ರಹ್ಮಾವರದ ಹೆದ್ದಾರಿಯಿಂದ ಕೊಂಚ ಒಳಗಿರುವ ಸರ್ವಸ್ವಾಗತ ಕ್ರೈಸ್ತ ಸಭೆಯು ಯಾರನ್ನೂ ಹೊರಗಿಡುವುದಿಲ್ಲ. ಈ ಬಗ್ಗೆ ಗೇಟಿನಲ್ಲಿ ಬೋರ್ಡ್ ಇದೆ. ಹೆಣ್ಣನ್ನು ಪ್ರೀತಿಸುವ ಗಂಡು, ಗಂಡನ್ನೇ ಪ್ರೀತಿಸುವ ಗಂಡು, ಯಾರನ್ನೂ ಪ್ರೀತಿಸದೆ ಬರೀ ಮದುವೆಯಾದವರು, ಎಲ್ಲರೂ ಬರಬಹುದು. ಚಪ್ಪಲಿ ಮಾತ್ರ ಹೊರಗೆ ಬಿಡತಕ್ಕದ್ದು.

ಒಳಗೆ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ, ನಡುವೆ ಆರಡಿ ದಾರಿ. ಇದು ಅಜ್ಜಂದಿರ ಕಾಲದ ಕ್ರಮ. ಇದಕ್ಕೂ ಆ ಬೋರ್ಡಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ರತನ್ ಮತ್ತು ವಿಶಾಲ್ ಬಂದ ಮೇಲೆ. ರತನ್ ಕೊಕ್ಕರ್ಣೆಯಲ್ಲಿ ಮೇಷ್ಟ್ರು, ವಿಶಾಲ್ ಮೀನು ವ್ಯಾಪಾರದ ಮನೆಯವನು. ಇಬ್ಬರದೂ ಒಂದೇ ಸಂಸಾರ. ಊರೆಲ್ಲ ‘ಗೆಳೆಯರು’ ಎಂದು ಹೇಳಿಕೊಂಡು ತಿರುಗಿ ಸಾಕಾಗಿ, ವಾರಕ್ಕೊಮ್ಮೆಯಾದರೂ ನಾಲ್ಕು ಜನರೆದುರು ಜೋಡಿಯಾಗಿ ಕೂರಬೇಕೆಂಬ ಆಸೆಯಿಂದ ಬಂದವರು. ಇಬ್ಬರೂ ಗಂಡಸರಾದ್ದರಿಂದ ಎಡಬದಿಯ ಒಂದೇ ಬೆಂಚಿನಲ್ಲಿ ಕೂತು, ಒಂದೇ ಪುಸ್ತಕ ಹಿಡಿದು ಹಾಡಿದರು.

ಕಾರ್ಯದರ್ಶಿ ಸಾಮ್ಯುವೆಲ್ ಕರ್ಕಡರು ಅದನ್ನು ನೋಡಿದರು. ದಾರಿಯಾಚೆ ಕೂತಿದ್ದ ಹೆಂಡತಿ ಗ್ರೆಟ್ಟಾಳನ್ನೂ ನೋಡಿದರು. ಹೊಟ್ಟೆಕಿಚ್ಚು ಪಾಪವಾದ್ದರಿಂದ ಅವರು ಅದನ್ನು ಸಮಾನತೆಯ ಪ್ರಶ್ನೆ ಎಂದು ಕರೆದರು.

“ಪಾಸ್ಟ್ರೆ, ನಂಗೆ ಅವ್ರ ಮೇಲ್ ಸಿಟ್ಟಿಲ್ಲ. ಆದ್ರೆ ಮದಿ ಆದಲ್ಲಿಂದ ನಾನ್ ಹೆಂಡ್ತಿ ಹತ್ರ ಕೂಕಂಡ್ ಒಂದ್ ಪದ ಹಾಡ್ಲಿಲ್ಲ. ಅವ್ರಿಗ್ ಮಾತ್ರ ಎಂತಕೆ ಈ ಭಾಗ್ಯ?” ಎಂದು ಸಮಿತಿಯಲ್ಲಿ ಕೇಳಿದರು.

“ಹಂಗಾರೆ ಗಂಡ ಹೆಂಡ್ತಿ ಎಲ್ಲ ಒಟ್ಟಿಗೆ ಕೂಕಣ್ಲಿ,” ಎಂದರು ಪಾಸ್ಟರ್ ಸುಧಾಕರ.

ಕೂಡಲೇ ಹೆಂಗಸರ ಬದಿಯಿಂದ ಆಕ್ಷೇಪಣೆ ಬಂತು. ವಾರಕ್ಕೆ ಸಿಗುವುದೇ ಒಂದು ಗಂಟೆ ನೆಮ್ಮದಿ, ಅದನ್ನೂ ಕಿತ್ತುಕೊಳ್ಳಬಾರದು. ಮೊದಲ ಸಹಿ ಗ್ರೆಟ್ಟಾಳದು.

ಆದ್ದರಿಂದ ಸಮಿತಿಯು ಪ್ರಕಟಣೆ ಹೊರಡಿಸಿತು: “ಈ ಸಭೆಯಲ್ಲಿ ಎಲ್ಲ ಪ್ರೀತಿಯೂ ಸಮಾನ. ಇತರ ದಂಪತಿಗಳ ನಡುವೆ ಆರಡಿ ಅಂತರವಿರುವುದರಿಂದ ಸದರಿ ಇಬ್ಬರ ನಡುವೆಯೂ ಆರಡಿ ಅಂತರವಿರತಕ್ಕದ್ದು. ಬೆಂಚು ಖಾಲಿ ಬಿಡುವಂತಿಲ್ಲವಾದ್ದರಿಂದ, ದಪ್ಪಗಿರುವ ಮೂವರನ್ನು ಅಂತರಪಾಲಕರೆಂದು ನೇಮಿಸಲಾಗಿದೆ.”

“ಹೊರಗೆ ಹಾಕ್ಲಿಲ್ಲ ಅಲ್ದಾ,” ಎಂದ ವಿಶಾಲ್. ರತನ್ ಮುಖ ಆಚೆ ತಿರುಗಿಸಿದ. ಅವನಿಗೆ ಅಳು ಬಂದಿತ್ತು.

ವಿಶಾಲನ ಪಕ್ಕದ ಅಂತರಪಾಲಕರು ಸ್ವತಃ ಸಾಮ್ಯುವೆಲ್ಲರೇ. ಪಾಸ್ಟರರ ಪ್ರಸಂಗದ ನಡುವೆ ವಿಶಾಲ್ ಅವರತ್ತ ಬಾಗಿದ. “ಹ್ವಾಯ್, ಕೆಮ್ಮಿನ ಮಾತ್ರೆ ಕಿಸಿಯಂಗೆ ಇತ್ತ್ ಅಂದೇಳಿ ರತನಿಗೆ ಹೇಳಿ.” ಮಾತು ಮೂರು ಕಿವಿ ದಾಟಿ ಹೋಯಿತು. ಆಚೆಯಿಂದ, “ಸಂಜಿಗೆ ಸಮುದ್ರದ್ ಬದಿಗ್ ಹೋಪನಾ?” ಎಂದು ಬಂತು. “ನೀ ಇದ್ರೆ ಎಲ್ಲಿಗಾರೂ ಅಡ್ಡಿಲ್ಲ,” ಎಂಬ ಉತ್ತರವನ್ನು ಪಕ್ಕದ ಅಂತರಪಾಲಕ ಎಡ್ವಿನ್ನನ ಕಿವಿಯಲ್ಲಿ ಹೇಳುವಾಗ ಸಾಮ್ಯುವೆಲ್ಲರ ಬೋಳುತಲೆ ಕೆಂಪಾಯಿತು.

ಎಡ್ವಿನ್ನನಿಗೆ ಕಿವಿ ಮಂದ. ಹಾಗಾಗಿ ದಾರಿಯಾಚೆಗೂ ಕೇಳಿಸಿತು. ಹೆಂಗಸರಿಂದ ಎರಡನೆಯ ಆಕ್ಷೇಪಣೆ: ಅವರಿಬ್ಬರಿಗೆ ಮಾತು ಸಾಗಿಸುವ ವ್ಯವಸ್ಥೆಯಿದೆ, ನಮಗಿಲ್ಲ, ಇದು ತಾರತಮ್ಯ.

ಸಮಿತಿ ಒಪ್ಪಿತು. ದಾರಿಯ ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ ಇಬ್ಬರು ಸಂದೇಶವಾಹಕರನ್ನು ಕೂರಿಸುವುದೆಂದಾಯಿತು. ಒಬ್ಬ ಗಂಡಸರ ಮಾತು ಪಡೆದು ಪಕ್ಕದವನಿಗೆ ಹೇಳಬೇಕು, ಅವನು ಹೆಂಗಸರಿಗೆ. ಸಂಗಾತಿಯೊಡನೆ ಮಾತಾಡಿ ಅನುಭವವುಳ್ಳವರೇ ಬೇಕೆಂಬ ಷರತ್ತು. ಇಡೀ ಸಭೆಯಲ್ಲಿ ಅಂಥವರು ಇಬ್ಬರೇ ಸಿಕ್ಕಿದರು. ಕರ್ತವ್ಯದಲ್ಲಿರುವವರಿಗೆ ಆರಡಿ ನಿಯಮ ಅನ್ವಯಿಸುವುದಿಲ್ಲ.

ಈಗ ರತನ್, ವಿಶಾಲ್ ಎಲ್ಲರ ನಟ್ಟನಡುವೆ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಪುಸ್ತಕ ಒಂದೇ. ಅಂತರಪಾಲಕರು ಯಾರ ನಡುವೆಯೂ ಇಲ್ಲದಿದ್ದರೂ ಹಳೆಯ ಬೆಂಚಿನಲ್ಲಿ ಕರ್ತವ್ಯ ಮುಂದುವರಿಸಿದ್ದಾರೆ. ಪಾಸ್ಟರರೂ ಪ್ರಸಂಗ ನಿಲ್ಲಿಸಿ ಹೆಂಡತಿಗೆ ಹೇಳಿ ಕಳಿಸುವುದುಂಟು.

ಸಾಮ್ಯುವೆಲ್ಲರು ಮೊದಲ ವಾರ, “ನಿನ್ನೆ ಸಾರಿಗೆ ಉಪ್ಪು ಜಾಸ್ತಿ,” ಎಂದು ಕಳಿಸಿದರು. “ಗೊತ್ತಿತ್,” ಎಂದು ಬಂತು. ಮರುವಾರ ಆ ಜೋಡಿಯನ್ನು ತುಂಬಾ ಹೊತ್ತು ನೋಡಿ, ವಿಶಾಲನ ಕಿವಿಯಲ್ಲಿ ಮೆಲ್ಲಗೆ, “ನನ್ ಹತ್ರ ಬಂದ್ ಕೂಕಂತ್ಯಾ ಅಂದೇಳಿ ಅವ್ಳತ್ರ ಕೇಣಿ,” ಎಂದರು.

ಮಾತು ದಾಟಿತು. ಗ್ರೆಟ್ಟಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಹಾಕಿ, ಗಂಡನನ್ನು ಮೊದಲ ಸಲ ನೋಡುವವಳಂತೆ ನೋಡಿ, ಏನೋ ಹೇಳಿದಳು.

“ಎಂತ ಹೇಳಿರ್?” ಸಾಮ್ಯುವೆಲ್ಲರು ಬೆಂಚಿನಿಂದ ಅರ್ಧ ಎದ್ದು ಕೇಳಿದರು.

“ಸಮಿತಿಗೆ ಅರ್ಜಿ ಕೊಡುಕ್ ಹೇಳಿರ್,” ಎಂದ ವಿಶಾಲ್.

ಸಾಮ್ಯುವೆಲ್ಲರು ಮರುದಿನವೇ ಅರ್ಜಿ ಬರೆದು, ಕಾರ್ಯದರ್ಶಿಯ ಮೇಜಿನ ಮೇಲಿಟ್ಟು ಕೈಮುಗಿದು, ಸುತ್ತಿ ಬಂದು ಕುರ್ಚಿಯಲ್ಲಿ ಕೂತು, ಅದನ್ನು ಸ್ವೀಕರಿಸಿ ಮೊಹರು ಒತ್ತಿದರು. ಅರ್ಜಿ ಪರಿಶೀಲನೆಯಲ್ಲಿದೆ.