ತೊಮೆಕಿಚಿ ಅತ್ತ ಸಿನಿಮಾ

ಮುಖಗವಸು ಮರೆತು ಹೊರಟದ್ದೇ ತೊಮೆಕಿಚಿಗೆ ಮುಳುವಾಯಿತು. ಮಾರ್ಚ್ ತಿಂಗಳು, ದೇವದಾರು ಮರದ ಪರಾಗ ಗಾಳಿಯಲ್ಲಿ ಹಾರಾಡುವ ಕಾಲ. ಅದು ಮೂಗಿಗೆ ತಾಗಿದರೆ ಸಾಕು, ಅವನ ಕಣ್ಣು ಕೆಟ್ಟ ನಲ್ಲಿಯಂತೆ ಸುರಿಯುತ್ತಿತ್ತು. ಸಂಜೆ ಮಗಳು ಚಿಹಾರುವಿನ ಭಾವೀ ಮಾವ ಶಿರಾನೆ ಮದುವೆ ಮಾತಿಗೆ ಬರುವವರಿದ್ದರು. ಆ ಚಡಪಡಿಕೆ ಮರೆಯಲೆಂದು ಓಣಿಯ ಟಾಕೀಸಿನಲ್ಲಿ ಮುದುಕರಿಗೆ ಪುಕ್ಕಟೆಯಾದ ಬೆಳಗಿನ ಆಟಕ್ಕೆ ಹೋಗಿ ಕೂತ.

ಸಿನಿಮಾ ಒಬ್ಬ ಮುದಿ ರೌಡಿಯದು. ತಪ್ಪು ಮಾಡಿದವನು ತನ್ನ ಕಿರುಬೆರಳು ತಾನೇ ಕತ್ತರಿಸಿ ದಣಿಗೆ ಒಪ್ಪಿಸುವುದು ಆ ಮಂದಿಯ ಪದ್ಧತಿ. ಮುದುಕ ಕೊನೆಗೆ ಮೊಂಡು ಬೆರಳು ನೋಡುತ್ತ, "ಬಾಳೆಲ್ಲ ಹಾಳು ಮಾಡ್ಕೊಂಡೆ" ಎಂದ. ಸರಿಯಾಗಿ ಆಗಲೇ ತೊಮೆಕಿಚಿಯ ಕಣ್ಣು ಸುರಿಯಬೇಕೇ! ಒರೆಸಲು ಎಡಗೈ ಎತ್ತಿದ. ಆ ಕೈಯ ಕಿರುಬೆರಳಿಗೆ ತುದಿಯಿರಲಿಲ್ಲ. ನೆಲಕ್ಕೆ ಹಾಸುವ ದಪ್ಪ ಹುಲ್ಲುಚಾಪೆ ಹೊಲಿಯುವ ಕಸುಬು ಕಲಿಯುವಾಗ, ನಲವತ್ತು ವರ್ಷದ ಹಿಂದೆ, ಕತ್ತಿ ತಾಗಿ ಹೋದದ್ದು.

ಪಕ್ಕದಲ್ಲಿದ್ದ ತರಕಾರಿ ಅಂಗಡಿಯ ಸಾದಾಯೆ ಬೆರಳನ್ನೂ ಕಣ್ಣೀರನ್ನೂ ಒಟ್ಟಿಗೇ ನೋಡಿದಳು. ಅಲ್ಲಿಗೆ ಮುಗಿಯಿತು.

"ಅತ್ತು ಹಗುರ ಮಾಡ್ಕೊಳ್ಳಿ ತೊಮೆಯಣ್ಣ, ನಾವ್ಯಾರೂ ಬಾಯಿ ಬಿಡಲ್ಲ," ಎಂದು ಹೊರಗೆ ಬಂದು ಇಡೀ ಓಣಿಗೆ ಕೇಳುವಂತೆ ಹೇಳಿದಳು.

"ಅಯ್ಯೋ, ಪರಾಗ ಕಣಮ್ಮ! ಬೆರಳು ಚಾಪೆ ಕತ್ತೀಲಿ ಹೋಗಿದ್ದು!"

"ಸಿನಿಮಾದ ಮುದುಕಾನೂ ಹಿಂಗೇ ನೆಪ ಹೇಳ್ತಿದ್ದ," ಎಂದ ಊರ ಸ್ನಾನದ ಮನೆ ನಡೆಸುವ ಗೆಂಜೋ.

"ಲೋ ಗೆಂಜೋ, ಹದಿನೈದು ವರ್ಷದಿಂದ ನನ್ನ ಬರೀ ಬೆನ್ನು ನೋಡ್ತಿದ್ದೀಯ. ರೌಡಿಗಳ ಹಚ್ಚೆ ಒಂದಾದ್ರೂ ಇದ್ಯೇನೋ?"

"ಅಳಿಸ್ಕೊಂಡಿದ್ದೀಯ. ಪಶ್ಚಾತ್ತಾಪ ಅಂದ್ರೆ ಅದೇ ಅಲ್ವಾ!" ಗೆಂಜೋನ ಕಣ್ಣೂ ಒದ್ದೆಯಾಯಿತು.

ತೊಮೆಕಿಚಿಗೆ ಸಂಜೆಯ ಮದುವೆ ಮಾತು ನೆನಪಾಯಿತು. ರೌಡಿಯ ಮಗಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ? ಮನೆಗೆ ಬಂದವನೇ ಕೈಗವಸು ತೊಟ್ಟು ಒಳಗೂ ಹೊರಗೂ ತಿರುಗಾಡಿದ.

"ಅಪ್ಪಾ, ಚಹಾ ಕುಡಿಯೋವಾಗ್ಲೂ ಕೈಗವಸಾ?" ಎಂದಳು ಚಿಹಾರು.

"ಚಳಿ ಕಣೇ," ಎಂದ, ಬೆವರು ಒರೆಸಿಕೊಳ್ಳುತ್ತ.

ನಾಲ್ಕಕ್ಕೆ ಶಿರಾನೆ ಬಂದರು. ಮುಖ ಗಂಭೀರವಾಗಿತ್ತು. "ತರಕಾರಿ ಅಂಗಡೀಲಿ ದಾರಿ ಕೇಳ್ದೆ. ಆಯಮ್ಮ ಎಲ್ಲಾ ಹೇಳಿದ್ಲು."

ಚಿಹಾರು ಚಹಾದ ತಟ್ಟೆ ಕೆಳಗಿಟ್ಟು ಅಪ್ಪನ ಪಕ್ಕ ಬಂದು ಕೂತಳು.

"ಸ್ವಾಮಿ, ಅದೆಲ್ಲ ಸುಳ್..."

ಶಿರಾನೆ ತಮ್ಮ ಕೈಗವಸು ಕಿತ್ತರು. ಎರಡು ಬೆರಳು ಮೊಂಡು! ಚಾಪೆಗೆ ಹಣೆ ಹಚ್ಚಿ ಬಿಕ್ಕಿದರು. "ಇವುಗಳಿಂದ ಮಗನ ಸಂಬಂಧ ಎರಡು ಸಲ ಮುರೀತು. ಮರ್ಯಾದಸ್ಥರ ಮನೆ ಸಹವಾಸವೇ ಬೇಡ ಅಂತ ಹೇಳಿ ಹೋಗೋಕೆ ಬಂದಿದ್ದೆ. ನೀವೂ ನಮ್ಮವರೇ ಅಂತ ಈಗ ಗೊತ್ತಾಯ್ತು. ಹೌದು ತಾನೇ?"

ಚಿಹಾರು ಅಪ್ಪನನ್ನೇ ನೋಡುತ್ತಿದ್ದಳು. ಆ ಕಣ್ಣು ನೋಡಿ ತೊಮೆಕಿಚಿ ನಿಜವನ್ನು ನುಂಗಿಕೊಂಡ.

"ಹೌದು ಬೀಗರೇ... ಹಳೇ ಮಾತು."

"ಪಾಪ ಕಳೀಲಿ ಅಂತ ಇಪ್ಪತ್ತೈದು ವರ್ಷದಿಂದ ಬೆಟ್ಟದಲ್ಲಿ ಗಿಡ ನೆಡ್ತಿದ್ದೀನಿ. ಇನ್ಮೇಲೆ ಪ್ರತಿ ಮಾರ್ಚ್ ನೀವೂ ಬಂದು ಇರ್ಬೇಕು. ಇಬ್ರೂ ಸೇರಿ ನೆಡೋಣ. ಬರ್ತೀನಿ ಅಂತ ಮಾತು ಕೊಡಿ!"

"ಬರ್ತೀನಿ. ಏನ್ ಗಿಡ?"

"ಇನ್ನೇನು, ದೇವದಾರು! ಮೊದಲು ನೆಟ್ಟಿದ್ದೆಲ್ಲಾ ಈಗ ಹೂ ಬಿಟ್ಟು ನಿಂತಿದೆ," ಎಂದು ಶಿರಾನೆ ಅವನನ್ನು ಬಿಗಿಯಾಗಿ ತಬ್ಬಿಕೊಂಡರು. ಕೋಟಿನಿಂದ ಹಳದಿ ಧೂಳು ಎದ್ದಿತು.

ತೊಮೆಕಿಚಿಯ ಕಣ್ಣು ಸುರಿಯತೊಡಗಿತು. ಈ ಸಲ ಅರ್ಧ ನಿಜವಾದ ಅಳುವೇ.

ಕಿಟಕಿಯಾಚೆ ಸಾದಾಯೆಯ ದನಿ ಕೇಳಿಸಿತು. "ನೋಡ್ರೋ, ಪಾಪ, ಮತ್ತೆ ಹಳೇದು ನೆನಪಾಯ್ತು!"